ಹಿಂದಿರುಗಿಸಿದ ವೀಳ್ಯ

ನನಗೆ ಒಂದು ಕಡೆ ಕೂರಲು ಬರುವುದಿಲ್ಲ. ಹೊಲಿಗೆ ಯಂತ್ರದ ಮುಂದೆ ಕುಳಿತು ಹೊಟ್ಟೆ ಹೊರೆಯುವವಳು ಹೀಗೆ ಹೇಳಿದರೆ ಜನ ನಗುತ್ತಾರೆ, ನಗಲಿ. ಯಂತ್ರ ತುಳಿಯುವಾಗ ಕಾಲಾದರೂ ಆಡುತ್ತಿರುತ್ತದೆ ಎಂದೇ ಈ ಕಸುಬು ನನಗೆ ಒಗ್ಗಿತು. "ನಿನ್ನ ಕಾಲಾಗ ಚಕ್ರ ಐತಿ" ಎಂದು ಗಂಡ ಮದುವೆಯ ಹೊಸತರಲ್ಲಿ ಪ್ರೀತಿಯಿಂದ ಹೇಳುತ್ತಿದ್ದ. ಈಗ ಅದೇ ಮಾತನ್ನು ಬೈಗುಳದ ಹಾಗೆ ಹೇಳುತ್ತಾನೆ. ರಾಮದುರ್ಗದ ತವರಿನಲ್ಲಿ ಕಬಡ್ಡಿ ಆಡಿ ಬೆಳೆದವಳು ಬೈಲಹೊಂಗಲಕ್ಕೆ ಸೊಸೆಯಾಗಿ ಬಂದೆ. ಆಟ ನಿಂತಿತು, ಓಡಾಟ ನಿಲ್ಲಲಿಲ್ಲ. ಆಡುವ ಹುಡುಗಿಯರಿಗೆ ಅಂಗಿ ಹೊಲಿಯುತ್ತ ಹೊಲಿಯುತ್ತ ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ ತಾಲೂಕುಗಳ ಹೆಣ್ಣುಮಕ್ಕಳ ಕಬಡ್ಡಿ ಕೂಟಕ್ಕೆ ಕಾರ್ಯದರ್ಶಿಯಾದೆ. ಕಾರ್ಯದರ್ಶಿ ಎಂದರೆ ಎಲ್ಲರಿಂದ ಬೈಸಿಕೊಳ್ಳುವವಳು ಎಂದು ತಿಳಿದುಕೊಳ್ಳಿ.

ಸುಗ್ಗಿ ಮುಗಿದು ಹೊಲಗಳು ಬಯಲಾದ ಮೇಲೆ ನಮ್ಮ ಆಟ ಶುರು. ಮೊದಲು ತಾಲೂಕಿನೊಳಗೆ ಊರೂರುಗಳ ನಡುವೆ ಪಂದ್ಯ. ಗೆದ್ದ ನಾಲ್ಕು ತಂಡಗಳು ಕಡೆಯ ದಿನ ಒಂದು ಊರಿನಲ್ಲಿ ಸೇರುತ್ತವೆ. ಆ ಕಡೆಯ ದಿನ ವರ್ಷಕ್ಕೊಂದು ಊರಿಗೆ ಪಾಳಿಯ ಮೇಲೆ ಹೋಗುತ್ತದೆ. ಪಾಳಿ ಸಿಕ್ಕ ಊರಿಗೆ ಅದು ಮನೆಯ ಮದುವೆಗಿಂತ ಹೆಚ್ಚು. ನೆಂಟರನ್ನು ಕರೆಸುತ್ತಾರೆ, ಹೋಳಿಗೆ ಬೇಯಿಸುತ್ತಾರೆ, ಎಂದೂ ಮಗಳ ಆಟ ನೋಡದ ಅಪ್ಪಂದಿರು ಮುಂದಿನ ಸಾಲಿನಲ್ಲಿ ಮೀಸೆ ತೀಡುತ್ತ ಕೂರುತ್ತಾರೆ.

ಪಾಳಿ ಗೊತ್ತುಮಾಡಲು ನಮ್ಮಲ್ಲಿ ಕಾಗದ ಪತ್ರ ಇಲ್ಲ, ವೀಳ್ಯ ಇದೆ. ಈ ವರ್ಷದ ಕಡೆಯ ಪಂದ್ಯ ಮುಗಿದ ಕೂಡಲೇ ಮುಂದಿನ ವರ್ಷದ ಊರಿನವರು ಅಂಕಣದ ನಡುವೆ ಬಂದು ಎಲೆ ಅಡಿಕೆ ಕೊಡಬೇಕು. ಕೂಟದ ಪರವಾಗಿ ನಾನು ಅದನ್ನು ಅಲ್ಲೇ, ಎಲ್ಲರ ಎದುರಿಗೆ, ಅಗಿದು ತಿನ್ನಬೇಕು. ತಿಂದರೆ ಮಾತು ಕೊಟ್ಟ ಹಾಗೆ. ಹಿಂದೆ ಕುಸ್ತಿಯ ಪೈಲ್ವಾನರನ್ನು ಕರೆಯುತ್ತಿದ್ದ ರೀತಿಯಂತೆ ಇದು. ಪೈಲ್ವಾನರು ಹೋದರು, ಎಲೆ ನಮಗೆ ಉಳಿಯಿತು.

ಸವದತ್ತಿ ತಾಲೂಕಿನ ಒಂದು ಊರು. ಹೆಸರು ಬೇಡ, ಆ ಊರಿನಲ್ಲಿ ನಾನು ಉಂಡಿದ್ದೇನೆ. ಅಲ್ಲಿನ ತಂಡದ ನಾಯಕಿ ಉದ್ದನೆಯ ಹುಡುಗಿ, ಕೈ ಚಾಚಿದರೆ ಅರ್ಧ ಅಂಕಣ ಅವಳದೇ. ತಾಯಿಯಿಲ್ಲದ ಅವಳನ್ನು ಸಾಕಿದ್ದು ಅಜ್ಜಿ. ಊರೆಲ್ಲ ಆ ಅಜ್ಜಿಯನ್ನು ಆಯಿ ಎನ್ನುತ್ತದೆ, ನಾನೂ ಆಯಿ ಎಂದೇ ಕರೆದೆ. ಸೊಂಟದ ಎಲುಬು ಮುರಿದು ಕೂಡಿದ ಮೇಲೆ ಆಯಿಯ ಲೋಕ ಒಳಮನೆಯಿಂದ ಮುಂದಿನ ಕಟ್ಟೆಯವರೆಗೆ ಮಾತ್ರ. ಗಾಡಿ ಹತ್ತುವ ಹಾಗಿಲ್ಲ. ನಮ್ಮ ರಸ್ತೆಗಳ ಕುಲುಕಾಟಕ್ಕೆ ಮತ್ತೊಮ್ಮೆ ಮುರಿದರೆ ಕೂಡುವುದಿಲ್ಲ ಎಂದು ಡಾಕ್ಟರು ಹೇಳಿಬಿಟ್ಟಿದ್ದರು. ಮೊಮ್ಮಗಳು ಹೂಲಿಯಲ್ಲಿ ಆಡಿದಳು, ರಾಮದುರ್ಗದಲ್ಲಿ ಆಡಿದಳು, ದೇಗಾಂವದಲ್ಲಿ ಆಡಿದಳು. ಆಯಿ ಒಂದನ್ನೂ ನೋಡಲಿಲ್ಲ. ಯಾರೋ ಮೊಬೈಲಿನಲ್ಲಿ ತೋರಿಸಲು ಹೋದರೆ, "ಅಂಗೈಯಷ್ಟ ಅದರಾಗ ನನ್ನ ಮೊಮ್ಮಗಳು ಇರುವಿ ಆಗ್ಯಾಳ, ತಗೀ ಆಚೆ" ಎಂದು ದಬಾಯಿಸಿ ಕಳಿಸಿದರಂತೆ.

ತಾನು ಹೋಗಲಾಗದ ಆಟಕ್ಕೆ ಆಯಿ ತನ್ನ ಎಲೆ ಸಂಚಿಯನ್ನು ಕಳಿಸುತ್ತಿದ್ದರು. ಬಟ್ಟೆಯ ಮೂರು ಅರೆಯ ಸಂಚಿ, ಒಂದರಲ್ಲಿ ಎಲೆ, ಒಂದರಲ್ಲಿ ಅಡಿಕೆ, ಒಂದರಲ್ಲಿ ಸುಣ್ಣದ ಡಬ್ಬಿ. "ನಾ ಬರಾಕ ಆಗೂದಿಲ್ಲ, ನನ್ನ ಸಂಚಿ ಬರ್ಲಿ" ಎನ್ನುವುದು ಅವರ ಲೆಕ್ಕ. ಅಂಗಿಯ ಅಳತೆಗೆ ಹೋದಾಗಲೆಲ್ಲ ನನ್ನನ್ನು ಕಟ್ಟೆಯ ಮೇಲೆ ಕೂರಿಸಿಕೊಂಡು ಕೇಳುವ ಪ್ರಶ್ನೆಯೂ ಒಂದೇ. "ಯವ್ವಾ, ನಮ್ಮೂರಿನ ಪಾಳಿ ಎಂದ?" ಅವರ ಕಟ್ಟೆಯ ಎದುರಿಗೇ ಗುಡಿಯ ಬಯಲು. ಕಡೆಯ ದಿನ ಆ ಊರಿಗೆ ಬಂದರೆ ಅಂಕಣ ಬೀಳುವುದು ಅಲ್ಲೇ. ಕುಳಿತಲ್ಲಿಂದ ಕುತ್ತಿಗೆ ತಿರುಗಿಸುವ ಕೆಲಸವೂ ಇಲ್ಲ.

ಕಳೆದ ವರ್ಷ ರಾಮದುರ್ಗದಲ್ಲಿ ಕಡೆಯ ದಿನ ಮುಗಿದಾಗ ಮುಂದಿನ ಪಾಳಿ ಆ ಊರಿಗೆ ಬಂತು. ಗುಡಿ ಕಮಿಟಿಯ ಅಧ್ಯಕ್ಷರು ಬಿಳಿ ಅಂಗಿ, ಹೊಸ ಟೋಪಿಯಲ್ಲಿ ಅಂಕಣಕ್ಕೆ ಇಳಿದರು. ಮೈಕಿನಲ್ಲಿ ಅವರ ಹೆಸರನ್ನು ಕೂಗಿ ಕೂಗಿ ಕರೆದದ್ದೂ ಆಯಿತು. ಆಗ ನೋಡಿದರೆ ತಾಟು ಖಾಲಿ. ಟೋಪಿ ಮರೆಯದ ಗಂಡಸರು ಎಲೆ ಮರೆತು ಬಂದಿದ್ದರು! ಜನ ಸಿಳ್ಳೆ ಹಾಕತೊಡಗಿದರು. ನಾಯಕಿ ಹುಡುಗಿ ಓಡಿಹೋಗಿ ತನ್ನ ಚೀಲದಿಂದ ಆಯಿಯ ಸಂಚಿ ತಂದು, ಎಲೆ ಅಡಿಕೆ ತೆಗೆದು ತಾಟಿನಲ್ಲಿಟ್ಟು ಅಧ್ಯಕ್ಷರ ಮಾನ ಉಳಿಸಿದಳು. ನಾನು ತಿಂದೆ. ಸುಣ್ಣ ಹೆಚ್ಚಾಗಿ ಬಾಯಿ ಸುಟ್ಟರೂ ನಗುತ್ತಲೇ ತಿಂದೆ, ಏಕೆಂದರೆ ನನ್ನ ಕಣ್ಣ ಮುಂದೆ ಆ ಕಟ್ಟೆ ಇತ್ತು.

ಈ ವರ್ಷ ಕಡೆಯ ದಿನ ಹತ್ತಿರವಾದಾಗ ಬಯಲು ನೋಡಿ ಬರಲು ಸ್ಕೂಟರ್ ತೆಗೆದೆ. ಹಿಂದೆ ಕಿತ್ತೂರಿನ ಹುಡುಗಿ ಕುಳಿತಿದ್ದಳು. ಕಿತ್ತೂರು ತಂಡದ ದಾಳಿಗಾರ್ತಿ ಅವಳು, ನಾಲ್ಕು ತಾಲೂಕಿನಲ್ಲಿ ಅವಳಷ್ಟು ಉಸಿರು ಹಿಡಿಯುವವರು ಇನ್ನೊಬ್ಬರಿಲ್ಲ. ತಂದೆ ಲಾರಿ ಡ್ರೈವರ್, ಹೆದ್ದಾರಿಯಲ್ಲೇ ಅರ್ಧ ಆಯುಷ್ಯ ಕಳೆದ ಸಾಬರು. ಹೊಸ ಅಂಗಿಗಳ ಗಂಟನ್ನು ತೊಡೆಯ ಮೇಲಿಟ್ಟುಕೊಂಡು ದಾರಿಯುದ್ದ ಮಾತಾಡುತ್ತ ಬಂದವಳು ಬಯಲಿನ ಬೇವಿನ ಮರದ ಹತ್ತಿರ ಗಾಡಿ ನಿಲ್ಲಿಸುತ್ತಲೇ ಸುಮ್ಮನಾದಳು. ಮರಕ್ಕೆ ಹೊಸ ಬೋರ್ಡು ಹೊಡೆದಿದ್ದರು. ನನಗಿಂತ ಮೊದಲು ಅವಳೇ ಓದಿದ್ದಳು. ದೇವಸ್ಥಾನದ ಬಯಲಿನಲ್ಲಿ ಅನ್ಯಧರ್ಮದವರಿಗೆ ಪ್ರವೇಶವಿಲ್ಲ, ಊರ ಹಿರಿಯರ ನಿರ್ಣಯ.

"ಅಕ್ಕಾ, ನಾ ಇಲ್ಲೇ ಗಾಡಿ ಕಡೆ ನಿಂದರತೇನಿ. ನೀವು ಮಾತಾಡಿ ಬರ್ರಿ" ಎಂದಳು. ಬಿಸಿಲಿಗೆ ನಿಂತವಳ ಹಾಗೆ ಕಣ್ಣು ಕಿರಿದು ಮಾಡಿದ್ದಳು. ಆದರೆ ಅಲ್ಲಿ ನೆರಳಿತ್ತು.

ಅಧ್ಯಕ್ಷರು ಜಗಳಗಂಟರಲ್ಲ. ಜಗಳಗಂಟರಾಗಿದ್ದರೆ ನನಗೆ ಎಷ್ಟು ಹಗುರವಾಗುತ್ತಿತ್ತು! ಜಮಖಾನೆ ಹಾಸಿಸಿದರು, ಚಹಾ ತರಿಸಿದರು, ನನ್ನ ಗಂಡನ ಬೆನ್ನುನೋವನ್ನು ವಿಚಾರಿಸಿದರು. ಆಮೇಲೆ ಬೆಲ್ಲದಂಥ ದನಿಯಲ್ಲಿ ಹೇಳಿದರು. "ಆಟಕ್ಕ ನಮ್ಮದೇನ್ ಅಡ್ಡಿ ಇಲ್ರಿ ಅಕ್ಕಾರ. ನಾಲ್ಕೂ ತಂಡ ಬರ್ಲಿ, ಶೇಂಗಾ ಹೋಳಿಗಿ ಮಾಡಸ್ತೇವಿ. ಆ ಒಂದ್ ಹುಡುಗಿದು ಏನರೆ ಮಾಡೂಣು."

"ಏನ್ ಮಾಡೂದ್ರಿ?"

"ಅಂಗಿ ಮ್ಯಾಲ ಆಕಿ ಹೆಸರು ಬ್ಯಾಡ, ಬರೇ ನಂಬರ ಹಾಕ್ರಿ. ಮೈಕಿನಾಗೂ ನಂಬರ ಕರೀರಿ. ಹಣಿಗೆ ಒಂದೀಟ ಕುಂಕುಮಾ ಹಚ್ಚಿದ್ರ ಯಾರಿಗೆ ತಿಳೀತೈತ್ರಿ? ನೀವು ಹೇಳಂಗಿಲ್ಲ, ನಾವು ಕೇಳಂಗಿಲ್ಲ."

ಅವರು ಅದನ್ನು ಉಪಕಾರವೆಂದೇ ತಿಳಿದು ಹೇಳಿದರು. ಆ ಹುಡುಗಿಯ ಹೆಸರನ್ನು ನಾನೇ ಅಂಗಿಯ ಬೆನ್ನಿಗೆ ಹೊಲಿದಿದ್ದೆ, ಹಳದಿ ಬಟ್ಟೆ ಕತ್ತರಿಸಿ, ಒಂದೊಂದೇ ಅಕ್ಷರ. ಅದನ್ನು ಬಿಚ್ಚಿ ಹಾಕುವ ಮಾತನ್ನು ಇವರು ಚಹಾ ಕುಡಿಯುತ್ತ ಆಡುತ್ತಿದ್ದಾರೆ.

"ಬೋರ್ಡ ನೀವ ಒಂದ್ ದಿನಾ ತಗದ ಇಡ್ರೆಲಾ. ಯಾರಿಗೆ ತಿಳೀತೈತ್ರಿ?" ಎಂದೆ.

ಅಧ್ಯಕ್ಷರು ನಕ್ಕರು. "ಬೋರ್ಡ ಊರಿಂದ್ರಿ, ನಂದಲ್ಲ."

ದೇವರು ವರ ಕೊಟ್ಟರೂ ಪೂಜಾರಿ ಕೊಡ ಎನ್ನುತ್ತಾರೆ. ಇಲ್ಲಿ ಪೂಜಾರಿಗೂ ಗೊತ್ತಿಲ್ಲದೆ ಕಮಿಟಿ ಅಡ್ಡ ನಿಂತಿತ್ತು. ಹೊರಗೆ ಬಂದರೆ ಗಾಡಿಯ ಹತ್ತಿರ ಹುಡುಗಿ ಇಲ್ಲ. ನೋಡಿದರೆ ಆಯಿಯ ಕಟ್ಟೆಯ ಮೇಲೆ ಕುಳಿತು ಮಜ್ಜಿಗೆ ಕುಡಿಯುತ್ತಿದ್ದಾಳೆ. ಒಬ್ಬಳೇ ನಿಂತ ಪರವೂರಿನ ಮಗಳು ಎಂದು ಆಯಿಯೇ ಕೂಗಿ ಕರೆದರಂತೆ. "ಇಕಿ ಉಸರು ಬಾಳ ಉದ್ದ ಅಂತಲಾ, ಖರೇನು?" ಎಂದು ನನ್ನನ್ನು ಕೇಳಿದರು. ಖರೆ ಎಂದೆ. "ಹಂಗಾರ ನನ್ನ ಮೊಮ್ಮಗಳು ಇಕಿನ್ನ ಹಿಡೀತಾಳೋ ಇಲ್ಲೋ ನಾ ನೋಡಬೇಕು" ಎಂದರು. ನಾನು ಗಾಡಿ ಚಾಲೂ ಮಾಡಿದೆ.

ಆ ವಾರ ನನ್ನ ಹೊಲಿಗೆ ಒಂದೂ ನೆಟ್ಟಗಾಗಲಿಲ್ಲ. ಯಾರದೋ ಕುಪ್ಪಸದ ಎಡತೋಳನ್ನು ಬಲಕ್ಕೆ ಕೂಡಿಸಿ ಬೈಸಿಕೊಂಡೆ. ಊಟಕ್ಕೆ ಕುಳಿತರೆ ಎದ್ದು ನಿಲ್ಲಬೇಕೆನಿಸುತ್ತಿತ್ತು, ನಿಂತರೆ ಬಾಗಿಲಿಗೆ ಹೋಗಬೇಕೆನಿಸುತ್ತಿತ್ತು. ಆ ಊರಿಗೆ ಹೋದರೆ ಹುಡುಗಿಯನ್ನು ಬಿಟ್ಟು ಹೋಗಬೇಕು. ಹೋಗದಿದ್ದರೆ ಆಯಿಯ ಕಣ್ಣಿನಿಂದ ಆಟವನ್ನು ಕಸಿದುಕೊಂಡ ಹಾಗೆ. ಬೋರ್ಡು ಹೊಡೆದದ್ದು ಆಯಿಯಲ್ಲ, ಆದರೆ ಶಿಕ್ಷೆ ಬೀಳುವುದು ಆಯಿಗೆ. ಅಡಕತ್ತರಿಯಲ್ಲಿ ಸಿಕ್ಕ ಅಡಿಕೆಯಾಗಿದ್ದೆ ನಾನು.

ಕೂಟದ ಸಭೆ ಸೇರಿದ್ದು ನನ್ನ ಅಂಗಡಿಯಲ್ಲೇ. ನಮ್ಮಲ್ಲಿ ಹಿರಿಯರು ರಾಮದುರ್ಗದ ಡ್ರಿಲ್ ಮಾಸ್ತರರು, ನಿವೃತ್ತರಾದರೂ ಕೊರಳಿನ ಸೀಟಿ ತೆಗೆದಿಲ್ಲ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎನ್ನುವ ಪೈಕಿ ಅವರು. "ಮಳಿ ಆಗೇತಿ, ಕಣಾ ಹಸಿ ಐತಿ ಅಂತ ಹೇಳಿ ಜಾಗಾ ಬದ್ಲಿ ಮಾಡೂಣು" ಎಂದರು.

"ಸುಗ್ಗಿ ಮುಗದ ಮ್ಯಾಲ ಮಳಿ ಎಲ್ಲಿಂದ ತರ್ತೀರಿ ಮಾಸ್ತರ?" ಎಂದೆ. ಎಲ್ಲರೂ ನಕ್ಕರು, ಅವರೂ ನಕ್ಕರು.

ಬಾಗಿಲ ಹತ್ತಿರ ಕುಳಿತಿದ್ದ ಕಿತ್ತೂರಿನ ಹುಡುಗಿ ನಗಲಿಲ್ಲ. "ಒಂದ್ ದಿನಾ ನಾ ಹೊರಗ ಕುಂದರತೇನಿ ಬಿಡ್ರಿ ಅಕ್ಕಾ. ಆಯಿ ಪಾಪ, ನೋಡ್ಲಿ" ಎಂದಳು.

ನನಗೆ ಸಿಟ್ಟು ಬಂದದ್ದು ಆಗ. ಅಧ್ಯಕ್ಷರ ಮೇಲೆ ಬಂದದ್ದಕ್ಕಿಂತ ಹೆಚ್ಚು ಬಂತು, ಯಾರ ಮೇಲೆ ಎಂದು ತಿಳಿಯದೆ ಅವಳ ಮೇಲೇ ಕೂಗಾಡಿದೆ. "ನೀ ಹೊರಗ ಕುಂತ್ರ ಕೂಟನ ಹೊರಗ ಕುಂತಂಗ. ಇವತ್ತ ನೀನು, ನಾಳೆ ಇನ್ನೊಂದ್ ಬೋರ್ಡ ಹೊಡೀತಾರ, ಇನ್ನೊಬ್ಬಾಕಿ ಹೊರಗ. ಕಡೀಕ ಅಂಕಣದಾಗ ಯಾರ ಉಳೀತಾರ, ಬೋರ್ಡನ ಆಡ್ಬೇಕು!" ಅವಳು ತಲೆ ತಗ್ಗಿಸಿದಳು. ಬೈದೆನಲ್ಲ ಎಂದು ಸಂಕಟವಾಗಿ ಎದ್ದು ಅವಳಿಗೆ ನೀರು ಕೊಟ್ಟೆ.

ಆಮೇಲೆ ಯಾರೂ ಮಳೆಯ ಮಾತು ಎತ್ತಲಿಲ್ಲ. ಆ ಬೋರ್ಡು ಇರುವವರೆಗೆ ಆ ಬಯಲಿನಲ್ಲಿ ಆಡುವುದಿಲ್ಲ, ಕಡೆಯ ದಿನ ಕಿತ್ತೂರಿನ ಹೆದ್ದಾರಿ ಬದಿಯ ಬಯಲಿನಲ್ಲಿ, ಕಾರಣವನ್ನು ಇದ್ದ ಹಾಗೆಯೇ ಹೇಳುವುದು ಎಂದು ನಿಶ್ಚಯವಾಯಿತು. ಎದ್ದು ಹೊರಡುವಾಗ ಮಾಸ್ತರರು ನನ್ನ ಕಡೆ ತಿರುಗಿದರು. "ಎಲಿ ತಿಂದಾಕಿ ನೀನವಾ. ಬಿಡಿಸಿಕೊಂಡ ಬರಾಕಿನೂ ನೀನ."

ತಿಂದ ಎಲೆಯನ್ನು ಮರಳಿಸುವುದು ಹೇಗೆ? ಯಾರೂ ಮರಳಿಸಿದ್ದಿಲ್ಲ. ಮಾಸ್ತರರಿಗೆ ತಮ್ಮ ಅಜ್ಜನ ಕಾಲದ್ದು ಮಸುಕಾಗಿ ನೆನಪಿತ್ತು. ಒಪ್ಪಿಕೊಂಡ ಕುಸ್ತಿಗೆ ಹೋಗಲಾಗದ ಪೈಲ್ವಾನ ಹೊಸ ಎಲೆ ಅಡಿಕೆ ಒಯ್ದು ಕೊಡಬೇಕು. ಮೊದಲು ಕೊಟ್ಟವರು ಅದನ್ನು ತಿಂದರೆ ಮಾತು ಬಿಡುಗಡೆ. ತಿನ್ನದಿದ್ದರೆ ಮಾತಿಗೆ ತಪ್ಪಿದವನೆಂಬ ಹೆಸರು, ಮುಂದೆ ಯಾವ ಊರೂ ಕರೆಯುವುದಿಲ್ಲ. ನಾವೂ ಊರೂರು ಅಲೆದು ಆಡುವವರು. ಊರುಗಳು ಬಾಗಿಲು ಹಾಕಿಕೊಂಡರೆ ಕೂಟವೇ ಇಲ್ಲ.

ಮರುದಿನವೇ ಪೇಟೆಯಿಂದ ಎಳೆ ಎಲೆ ಕೊಂಡು, ತಾಟಿನಲ್ಲಿಟ್ಟು, ಮೇಲೆ ಒದ್ದೆ ಬಟ್ಟೆ ಮುಚ್ಚಿಕೊಂಡು ಹೋದೆ. ಗುಡಿಯ ಪೌಳಿಯಲ್ಲಿ ಅಧ್ಯಕ್ಷರು ನಾಲ್ಕಾರು ಜನರ ನಡುವೆ ಕುಳಿತಿದ್ದರು. ಇದ್ದದ್ದನ್ನು ಇದ್ದ ಹಾಗೆ ಹೇಳಿ ತಾಟು ಮುಂದೆ ಹಿಡಿದೆ. ಅವರು ಕೈ ಚಾಚಲಿಲ್ಲ. ಬೆಲ್ಲದ ದನಿ ಎಲ್ಲಿ ಹೋಯಿತೋ.

"ತಿಂದ ಎಲಿ ವಾಪಸ್ ಬರೂದಿಲ್ರಿ. ಊರು ಕೊಟ್ಟೈತಿ, ನೀವು ತಿಂದೀರಿ. ಆಡ್ರಿ, ಇಲ್ಲಾ ಮಾತಿಗೆ ತಪ್ಪಿದವರು ಅಂತ ಅನಿಸ್ಕೊರಿ."

ತಾಟನ್ನು ಅಲ್ಲಿ ಕೆಳಗಿಡಲು ಮನಸ್ಸಾಗಲಿಲ್ಲ. ಅಳು ಬಂದರೆ ಇವರೆದುರು ಸೋತ ಹಾಗೆ ಎಂದು ತಿರುಗಿ ನಡೆದೆ. ಆಗ ಎದುರಿನ ಕಟ್ಟೆಯಿಂದ ಆಯಿಯ ದನಿ ಬಂತು.

"ಏ ಯವ್ವಾ, ಏನದು ತಾಟಿನಾಗ? ಇಲ್ಲಿ ತಾ."

ಹೋದೆ. ಅವರಿಗೆ ಎಲ್ಲವನ್ನೂ ಹೇಳಲೇಬೇಕಾಯಿತು. ಬೋರ್ಡು ಅವರಿಗೆ ಗೊತ್ತಿತ್ತು, ಅದನ್ನು ಆಟಕ್ಕೂ ಹಚ್ಚುತ್ತಾರೆ ಎಂಬುದು ಗೊತ್ತಿರಲಿಲ್ಲ. "ಮಜ್ಜಿಗಿ ಕುಡದ ಹೋದಳಲಾ, ಆ ಹುಡುಗಿನ?" ಎಂದರು. ಹೂಂ ಎಂದೆ. ಆಯಿ ಬಯಲಿನ ಕಡೆ ನೋಡಿದರು. ಅಲ್ಲಿ ಅಂಕಣಕ್ಕೆಂದು ಆಗಲೇ ಕಲ್ಲು ಆಯ್ದು ನೆಲ ಹಸನು ಮಾಡಿದ್ದರು. ಮೊಮ್ಮಗಳು ಒಳಗಿಂದ ಬಂದು ಬಾಗಿಲಿನಲ್ಲಿ ನಿಂತಿದ್ದಳು. ಅವಳ ಮುಖ ನೋಡುವ ಧೈರ್ಯ ನನಗಾಗಲಿಲ್ಲ.

"ಹೋದ ವರ್ಷ ರಾಮದುರ್ಗದಾಗ ನೀ ತಿಂದದ್ದು ಯಾರ ಎಲಿ?" ಆಯಿ ಪೌಳಿಗೆ ಕೇಳುವ ಹಾಗೆ ದನಿ ಏರಿಸಿದರು.

"ನಿಮ್ಮದರೀ ಆಯಿ. ನಿಮ್ಮ ಸಂಚ್ಯಾಂದು."

"ಹಾಂ! ಊರ ಗಂಡಸರು ಬರೇ ಕೈಲೆ ಬಂದಿದ್ದರು. ಕೊಟ್ಟಾಕಿ ನಾನು. ವಾಪಸ್ ತಗೊಳ್ಳಾಕಿನೂ ನಾನ."

ಪೌಳಿಯಿಂದ ಅಧ್ಯಕ್ಷರು ಎದ್ದು ಬಂದರು. "ಆಯಿ, ಇದು ಊರ ಮಾತು, ನಿನಗ್ಯಾಕ?" ಎಂದರು.

"ನಾ ಊರು ಅಲ್ಲೇನೋ ತಮ್ಮಾ?" ಎಂದರು ಆಯಿ. ಅಧ್ಯಕ್ಷರು ತಲೆಯ ಮೇಲಿನ ಟೋಪಿ ಸರಿಮಾಡಿಕೊಂಡರು. ಎಲ್ಲರೆದುರು ಸಿಳ್ಳೆ ಬಿದ್ದ ಆ ದಿನ ಅವರಿಗೂ ನೆನಪಿದ್ದೀತು.

ಆಯಿ ತಾಟಿನಿಂದ ಎಲೆ ಎತ್ತಿಕೊಂಡರು. ಸೆರಗಿನಿಂದ ಒರೆಸಿದರು. ತೊಟ್ಟು ಮುರಿದು, ನಾರು ತೆಗೆದು, ಬೆರಳ ತುದಿಯಿಂದ ಸುಣ್ಣ ಸವರಿದರು. ಅಡಿಕೆಯನ್ನು ಜಜ್ಜಿ ಕೊಡಲು ಮೊಮ್ಮಗಳಿಗೆ ಹೇಳಿದರು, ಹಲ್ಲಿಲ್ಲದ ಬಾಯಿ. ಹುಡುಗಿ ಕಲ್ಲಿನಲ್ಲಿ ಜಜ್ಜಿ ಕೊಟ್ಟಳು. ತಾನು ಏನು ಜಜ್ಜುತ್ತಿದ್ದೇನೆಂದು ಅವಳಿಗೆ ಗೊತ್ತಿತ್ತು, ಕಣ್ಣೊರೆಸಿಕೊಳ್ಳುತ್ತಲೇ ಜಜ್ಜಿದಳು. ಆಯಿ ಎಲೆ ಮಡಚಿ ಬಾಯಿಗಿಟ್ಟುಕೊಂಡು ನಿಧಾನವಾಗಿ ಅಗಿದರು. ಎಷ್ಟೋ ವರ್ಷದಿಂದ ಕಾದ ಒಂದೇ ಒಂದು ಆಸೆಯನ್ನು ಆ ಮುದುಕಿ ನನ್ನ ಕಣ್ಣೆದುರು ಅಗಿದು ನುಂಗಿದರು. ನಾನು ಅಳಬಾರದೆಂದುಕೊಂಡವಳು, ಕಟ್ಟೆಯ ಮೇಲೆ ಕುಸಿದು ಅತ್ತುಬಿಟ್ಟೆ.

"ಮಾತು ಬಿಟ್ಟಿತು. ಇನ್ನ ಎಲ್ಲಿ ಬೇಕಾದಲ್ಲಿ ಆಡ್ರಿ" ಎಂದರು.

ಕಡೆಯ ದಿನ ಬೆಳಿಗ್ಗೆ ಕಿತ್ತೂರಿನಲ್ಲಿ ನಾನು ಹೆದ್ದಾರಿಯ ಬದಿಯಲ್ಲೇ ಅಡ್ಡಾಡುತ್ತಿದ್ದೆ. ಮೂರು ತಂಡ ಬಂದಿದ್ದವು. ಆ ಊರಿನ ತಂಡ ಇಲ್ಲ. ಯಾರೂ ಹುಡುಗಿಯರನ್ನು ಕಳಿಸಬಾರದು ಎಂದು ಅಧ್ಯಕ್ಷರು ಮನೆಮನೆಗೆ ಹೇಳಿಸಿದ್ದಾರೆಂದು ಸುದ್ದಿ ಬಂದಿತ್ತು. ಲಾರಿ ಬಂದರೆ ಕತ್ತು ಚಾಚುವೆ, ಬಸ್ಸು ಬಂದರೆ ಓಡುವೆ. "ಕುಂದರವಾ ಒಂದ್ ಕಡೆ" ಎಂದು ಮಾಸ್ತರರು ಸೀಟಿ ಊದಿ ಗದರಿಸಿದರು. ಸೀಟಿಗೆ ಕೂರುವ ಜಾತಿ ನನ್ನದಲ್ಲ. ಬಿಸಿಲು ಏರುತ್ತಿತ್ತು, ಸುಣ್ಣದ ಗೆರೆ ಕಣ್ಣು ಕುಕ್ಕುತ್ತಿತ್ತು. ಇನ್ನು ಬರುವುದಿಲ್ಲ ಎಂದು ಎಲ್ಲರೂ ಕೈಬಿಟ್ಟ ಮೇಲೆ ಮೂರು ಗಾಲಿಯ ಟಂಟಂ ಒಂದು ಕುಲುಕುತ್ತ ಬಂತು. ಒಳಗೆ ತುರುಕಿಕೊಂಡು ಕುಳಿತ ಹುಡುಗಿಯರು. ನಾಯಕಿ ಮೊದಲು ಜಿಗಿದಳು.

"ಆಯಿ ಕಟ್ಟಿ ಮ್ಯಾಲ ಕುಂತ ಓಣಿಗೆಲ್ಲಾ ಕೇಳೂ ಹಂಗ ಒದರಿದಳ್ರಿ ಅಕ್ಕಾ. ಎಲಿ ನಾ ತಿಂದೇನಿ, ಸಿಟ್ಟಿದ್ರ ನನ್ನ ಮ್ಯಾಲ ತೀರಿಸ್ಕೊರಿ, ಹುಡುಗ್ಯಾರನ್ನ ಕಳಸ್ರಿ ಅಂತ. ಮುಂಜಾನಿಂದ ಒದರಿ ಒದರಿ ದನಿ ಬಿದ್ದೈತಿ." ಅವಳ ಹೆಗಲಿನಲ್ಲಿ ಸಂಚಿ ಇತ್ತು.

ಕಡೆಯ ಪಂದ್ಯ ಅವರಿಗೂ ಕಿತ್ತೂರಿಗೂ ಬಿತ್ತು. ಸಮಸಮ ನಡೆದು ಕಡೆಯ ದಾಳಿಗೆ ಕಿತ್ತೂರಿನ ಹುಡುಗಿ ಬಂದಳು, ಬೆನ್ನ ಮೇಲೆ ಹಳದಿ ಅಕ್ಷರದ ಹೆಸರು. ಮೈಕಿನವನು ಅದನ್ನು ಉದ್ದಕ್ಕೆ ಎಳೆದು ಕೂಗಿದ. ಅವಳ ತಂದೆ ಲಾರಿ ಬದಿಗೆ ನಿಲ್ಲಿಸಿ ಬಾನೆಟ್ಟಿನ ಹತ್ತಿರ ನಿಂತು ನೋಡುತ್ತಿದ್ದರು. ಇಬ್ಬರನ್ನು ಮುಟ್ಟಿ ಹಿಂದಿರುಗುವಷ್ಟರಲ್ಲಿ ನಾಯಕಿ ಆ ಉದ್ದನೆಯ ಕೈ ಚಾಚಿ ಕಾಲ ಹರಡನ್ನು ಹಿಡಿದಳು. ಕಿತ್ತೂರಿನವಳು ಗೆರೆಯ ಕಡೆ ತೆವಳಿದಳು, ಕಬಡ್ಡಿ ಕಬಡ್ಡಿ ಎನ್ನುವ ಆ ಉಸಿರು ಮುಗಿಯುತ್ತಲೇ ಇಲ್ಲ. ಬಯಲೆಲ್ಲ ಎದ್ದು ನಿಂತಿತ್ತು. ಬೆರಳು ಗೆರೆ ಮುಟ್ಟಲು ಒಂದು ಗೇಣು ಇದ್ದಾಗ ಉಸಿರು ಕಡಿಯಿತು. ಆ ಊರು ಗೆದ್ದಿತ್ತು. ಇಬ್ಬರೂ ಮಣ್ಣಿನಲ್ಲಿ ಒಬ್ಬರ ಮೇಲೊಬ್ಬರು ಬಿದ್ದುಕೊಂಡು ನಗುತ್ತಿದ್ದರು. ನನಗೆ ನಗಲಾಗಲಿಲ್ಲ. ನೋಡಬೇಕಾದ ಕಣ್ಣು ಅಲ್ಲಿರಲಿಲ್ಲ.

ಮರುವಾರ ಆಯಿಯನ್ನು ನೋಡಲು ಹೋದೆ. ಮೊಮ್ಮಗಳು ಆಗಲೇ ಎಲ್ಲ ಹೇಳಿದ್ದಳು, ನಾನೂ ಕಟ್ಟೆಯಿಂದ ಇಳಿದು ಕೈಕಾಲು ಆಡಿಸುತ್ತ ಮತ್ತೊಮ್ಮೆ ಹೇಳಿದೆ. ಹರಡು ಹಿಡಿದದ್ದು, ತೆವಳಿದ್ದು, ಉಸಿರು ಕಡಿದದ್ದು. ಆಯಿ ಕೇಳಿ ಮುಗಿಸಿ ತಲೆ ಅಲ್ಲಾಡಿಸಿದರು.

"ನಾ ನೋಡಿಲ್ಲ. ಹಂಗಾರ ಅದು ಆಗೇ ಇಲ್ಲ. ಮತ್ತ ಆಡ್ರಿ, ನನ್ನ ಮುಂದ."

ಆಮೇಲೆ ಸಂಚಿ ಬಿಚ್ಚಿ ಒಂದು ಎಲೆ, ಒಂದು ಅಡಿಕೆ ನನ್ನ ಕೈಗಿಟ್ಟರು. "ಈಗ ತಿನಬ್ಯಾಡ. ಆ ಬೋರ್ಡ ತಗದ ದಿನಾ ತಿನ್ನು. ಆ ಹುಡುಗಿನ್ನೂ ಕರಕೊಂಡ ಬಾ."

ಅಂದಿನಿಂದ ಆ ಕಡೆ ಕೆಲಸವಿದ್ದರೂ ಇಲ್ಲದಿದ್ದರೂ ಸ್ಕೂಟರ್ ಅಲ್ಲಿಗೆ ತಿರುಗುತ್ತದೆ. ಬೇವಿನ ಮರದ ಹತ್ತಿರ ಬಂದಾಗ ಮೊದಲು ಮೇಲೆ ನೋಡುತ್ತೇನೆ. ಬೋರ್ಡಿನ ಬಣ್ಣ ಬಿಸಿಲಿಗೆ ಸುಲಿಯುತ್ತಿದೆ, ಬೋರ್ಡು ಇದೆ. ಆಯಿಯ ದೃಷ್ಟಿ ಈಚೆಗೆ ಮಂದವಾಗಿದೆ. ನನ್ನನ್ನು ಗಾಡಿಯ ಸಪ್ಪಳದಿಂದಲೇ ಗುರುತಿಸುತ್ತಾರೆ.

"ಎಲಿ ತಿಂದ್ಯೇನು?"

"ಇನ್ನಾ ಇಲ್ರಿ ಆಯಿ."

"ಒಣಗಿರಬೇಕಲ್ಲ?"

"ಒಣಗೇತ್ರಿ."

"ಹಂಗಾರ ತಡಿ" ಎಂದು ಸಂಚಿಗೆ ಕೈ ಹಾಕುತ್ತಾರೆ, ತಡವರಿಸಿ ಹಸಿ ಎಲೆಯೊಂದನ್ನು ಆರಿಸಿ, ಸೆರಗಿನಿಂದ ಒರೆಸಿ ನನ್ನ ಕೈಗಿಡುತ್ತಾರೆ.